ಬಿಳಿ ದಾರದ ಕಚ್ಚಾ ಹೊಲಿಗೆ

ಶನಿವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ ಅಮ್ಮನ ಮುತ್ತುಗಳು.

ಫೋನ್ ಬಿಟ್ಟು ಅಮ್ಮ ಕಾಗದ ಹಿಡಿದು ಕೂತಿದ್ದಾಳಲ್ಲ ಎಂದು ನಿನಗೆ ಆಶ್ಚರ್ಯವಾಗಬಹುದು. ಗಾಳಿಗೆ ಟವರ್ ಸತ್ತಿದೆ, ಕರೆಂಟೂ ಇಲ್ಲ. ಅವೆಲ್ಲ ಇದ್ದಿದ್ದರೂ ನಾನು ಫೋನ್ ಮಾಡುತ್ತಿರಲಿಲ್ಲ ಬಿಡು. ನಾನು ಹಲೋ ಅನ್ನುವ ಮೊದಲೇ ಏನಾಯ್ತಮ್ಮ ಅನ್ನುವವಳು ನೀನು. ಕಾಗದಕ್ಕೆ ದನಿ ಇಲ್ಲ, ಅಷ್ಟರಮಟ್ಟಿಗೆ ವಾಸಿ. ಅಕ್ಷರ ಸೊಟ್ಟಗಿದ್ದರೆ ಅಂಗಡಿಯಲ್ಲಿ ಬೆಳಕು ಕಡಿಮೆ ಎಂದುಕೋ.

ನಿನ್ನಪ್ಪ ಮೀನಿಗೆಂದು ಹಿನ್ನೀರಿಗೆ ಹೋದವರು ಇನ್ನೂ ಬಂದಿಲ್ಲ. ಬೆಳಿಗ್ಗೆ ಸೈಕಲ್ ಅಂಗಡಿಗೆ ರಜಾ ಬೋರ್ಡ್ ನೇತುಹಾಕಿ ಹೋದರು. ಊಟಕ್ಕೆ ಬಂದುಬಿಡುತ್ತೇನೆ ಎಂದಿದ್ದರು. ಅವರ ಊಟದ ಹೊತ್ತು ಯಾವತ್ತೂ ರಬ್ಬರಿನಂತೆ ಎಳೆದಷ್ಟು ಬರುತ್ತದೆ, ನಿನಗೇ ಗೊತ್ತು. ಆದರೂ ಇವತ್ತು ಕೈ ಮೆಷಿನ್ನಿನ ಮೇಲೆ ನಿಲ್ಲುತ್ತಿಲ್ಲ. ಬ್ಯಾಂಡಿನವರ ಕೋಟುಗಳು ಅರ್ಧ ಹೊಲಿದು ಹಾಗೇ ಬಿದ್ದಿವೆ. ಕೈಗೆ ಏನಾದರೂ ಕೆಲಸ ಬೇಕು ಎಂದು ಬರೆಯುತ್ತಿದ್ದೇನೆ.

ನಿನ್ನಪ್ಪನ ಹೊಸ ಕರಾಮತ್ತುಗಳನ್ನು ಹೇಳುತ್ತೇನೆ, ನಗು. ಗಾಳದ ಕೋಲಿಗೆ ದಾರ ಓಡಲು ಉಂಗುರ ಬೇಕಲ್ಲ, ಅದಕ್ಕೆ ಹಳೆಯ ಸೈಕಲ್ ಕಡ್ಡಿಯನ್ನು ಬೆಂಕಿಯಲ್ಲಿ ಕಾಯಿಸಿ ಬಳೆ ಮಾಡಿದ್ದಾರೆ. ಗಾಳ ಮುಳುಗಲು ಸೀಸದ ಗುಂಡು ಕೊಳ್ಳುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಯಿತು, ಈಗೆಲ್ಲ ಕೆಟ್ಟ ನಟ್ಟು ಬೋಲ್ಟುಗಳೇ. ಲಂಗರು ಅಂದರೆ ಬಣ್ಣದ ಖಾಲಿ ಡಬ್ಬಿಗೆ ಸಿಮೆಂಟು ಸುರಿದು, ನಡುವೆ ಸೈಕಲ್ ಚೈನು ನೆಟ್ಟದ್ದು. ಎಲ್ಲಕ್ಕಿಂತ ಮಜಾ ಎಂದರೆ ಕೋಲಿನ ತುದಿಗೆ ಸೈಕಲ್ ಬೆಲ್ಲು ಕಟ್ಟಿದ್ದಾರೆ. ಮೀನು ಕಚ್ಚಿದರೆ ಟ್ರಿಣ್ ಅನ್ನಬೇಕು. ಅದನ್ನು ನಮ್ಮ ಹಜಾರದಲ್ಲೇ ಪರೀಕ್ಷೆ ಮಾಡಿದರು. ನಾನು ಮೀನಾಗಿ ದಾರ ಎಳೆಯಬೇಕಾಯಿತು, ಮೀನು ಇಷ್ಟು ಜೋರಾಗಿ ಎಳೆಯಲ್ಲ ಕಣೇ ಎಂದು ನನಗೇ ಬೈಗುಳ. ಊರಿನವರು ಅವರನ್ನು ಜುಗ್ಗಣ್ಣ ಎಂದು ಕರೆಯುವುದರಲ್ಲಿ ತಪ್ಪೇನಿದೆ?

ಆ ಬೆಲ್ಲಿನಿಂದಲೇ ಈಗ ನನಗೆ ಕಷ್ಟವಾಗಿದೆ. ಬೀದಿಯಲ್ಲಿ ಯಾವ ಸೈಕಲ್ ಬೆಲ್ ಹೊಡೆದರೂ ಅವರೇ ಎನ್ನಿಸುತ್ತದೆ. ಎದ್ದು ಬಾಗಿಲಿಗೆ ಹೋಗಿ ನೋಡಿ ಬಂದು ಕೂರುತ್ತೇನೆ.

ಹೆದರಿಕೆಗೆ ಕಾರಣ ಬರೀ ಗಾಳಿಯಲ್ಲ. ಗಾಳಿಯನ್ನು ನಿನ್ನಪ್ಪ ಬೇಕಾದಷ್ಟು ನೋಡಿದ್ದಾರೆ. ಅವರಿಗೆ ಈಜು ಬರುತ್ತದೆ, ಹಿನ್ನೀರಿನ ಪ್ರತಿ ಒಣಮರದ ಬುಡವೂ ಪರಿಚಯ. ಈಗ ಸ್ವಲ್ಪ ಹೊತ್ತಿನ ಹಿಂದೆ ದೋಣಿಕಟ್ಟೆಯ ಟೀ ಅಂಗಡಿಯಾಕೆ ಇಲ್ಲಿಗೆ ಬಂದಿದ್ದಳು, ಪಾಪ, ನನಗೆ ಧೈರ್ಯ ಹೇಳಲು. ಅವರು ಒಬ್ಬರೇ ಹೋಗಿಲ್ಲ, ಡ್ರಾಯಿಂಗ್ ಮೇಷ್ಟ್ರನ್ನೂ ಕರೆದುಕೊಂಡು ಹೋಗಿದ್ದಾರೆ ಎಂದಳು. ನಿನಗೆ ಶಾಲೆಯಲ್ಲಿ ಬಣ್ಣ ಹಚ್ಚುವುದು ಕಲಿಸಿದ ಮೇಷ್ಟ್ರೇ. ರಿಟೈರ್ ಆದಮೇಲೆ ನಿನ್ನಪ್ಪನ ಅಂಗಡಿಯ ಸ್ಟೂಲೇ ಅವರ ಮನೆ. ನೀರು ಕಂಡರೆ ಮಾರುದೂರ ನಿಲ್ಲುವ ಜನ ಅವರು, ಬಕೆಟ್ಟಿನಲ್ಲಿ ಕಾಲು ತೊಳೆಯಲೂ ಯೋಚನೆ ಮಾಡುತ್ತಾರೆ. ಅವರು ಹೇಗೆ ಹೋದರು ಎಂದು ನಾನು ಕೇಳಿದೆ.

ಟೀ ಅಂಗಡಿಯಾಕೆ ನಕ್ಕಳು. ನಿನ್ನಪ್ಪ ಕಟ್ಟೆಯ ಮೇಲೆ ಎಲ್ಲರೆದುರಿಗೆ ನೀನು ಕಳಿಸಿದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟನ್ನು ಮೇಷ್ಟ್ರಿಗೆ ತೊಡಿಸಿ, ಬಕಲ್ ಹಾಕಿ, ಬೆನ್ನು ತಟ್ಟಿ ಹೇಳಿದರಂತೆ: "ನನ್ ಮಗಳು ಕಳ್ಸಿರೋದು ಇದು. ನೀರಲ್ಲಿ ಬಿದ್ದು ನಿದ್ದೆ ಮಾಡಿದ್ರೂ ಮುಳುಗಲ್ಲ ನೀವು. ಹತ್ತಿ ಮೇಷ್ಟ್ರೇ."

ಅಕ್ಷರ ಸೊಟ್ಟಗಾಗಿರುವುದು ಅದನ್ನು ಕೇಳಿದ್ದಕ್ಕೆ ಗುಬ್ಬಿ. ಬೆಳಕಿಗೇನೂ ಆಗಿಲ್ಲ, ಸುಳ್ಳು ಹೇಳಿದೆ.

ಜಾಕೆಟ್ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಯಾರದೋ ಅಳತೆ ತೆಗೆದುಕೊಳ್ಳಲು ನಾನು ಹೊರಗೆ ಹೋಗಿದ್ದಾಗ ಒಯ್ದಿದ್ದಾರೆ. ನಾನು ಮನೆಯಲ್ಲಿದ್ದಿದ್ದರೆ ಕೈಹಿಡಿದು ನಿಲ್ಲಿಸುತ್ತಿದ್ದೆ. ಯಾಕೆಂದು ಹೇಳಿಬಿಡುತ್ತೇನೆ, ಬಯ್ಯುವುದಾದರೆ ಪೂರ್ತಿ ಓದಿ ಆಮೇಲೆ ಬಯ್ಯಿ.

ನೀನು ಕಳಿಸಿದ ಜಾಕೆಟ್ ಈ ಮನೆಯಲ್ಲಿ ಒಂದು ವಾರವೂ ಇಡಿಯಾಗಿ ಉಳಿಯಲಿಲ್ಲ. ನಿನ್ನಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ, ಒತ್ತಿ, ಮೂಸಿ, ಒಳಗೆ ಎಂಥಾ ಫಸ್ಟ್ ಕ್ಲಾಸ್ ಫೋಮ್ ಇದೆ ಎಂದರು. ಮಾರನೆಯ ದಿನ ನೋಡಿದರೆ ಹೊಲಿಗೆ ಬಿಚ್ಚಿ, ಒಳಗಿನ ಹಲಗೆಗಳನ್ನು ತೆಗೆದು, ದುಂಡಗೆ ಕತ್ತರಿಸಿ, ನಡುವೆ ತೂತು ಕೊರೆದು ಬಲೆಯ ಬೆಂಡು ಮಾಡುತ್ತಾ ಕೂತಿದ್ದಾರೆ. ಬಲೆಯ ಮೇಲಂಚು ತೇಲಲು ಬೆಂಡು ಬೇಕು, ಪೇಟೆಯ ಬೆಂಡು ಒಂದೇ ಬಿಸಿಲಿಗೆ ಸೀಳುತ್ತದೆ, ಇದು ನನ್ನ ಕಾಲಕ್ಕೆ ಸಾಕು ಎಂದರು. ನಾನು ಅತ್ತುಬಿಟ್ಟೆ. ಮಗಳು ಆಸೆಯಿಂದ ಕಳಿಸಿದ್ದನ್ನು ಹೀಗೆ ಕೊಚ್ಚುತ್ತಾರಾ ಎಂದು ರೇಗಿದೆ. ಅವರಿಗೂ ಮುಖ ಸಣ್ಣದಾಯಿತು. ಹೊಸ ಸೈಕಲ್‌ಗಳಿಗೆ ಸುತ್ತಿ ಬರುವ ತೆಳುವಾದ ಪ್ಯಾಕಿಂಗ್ ಫೋಮನ್ನು ಒಂದು ಮೂಟೆ ತಂದುಕೊಟ್ಟು, ಇದನ್ನು ತುಂಬಿ ಹೊಲಿದುಬಿಡು, ಇದೂ ತೇಲುತ್ತದೆ, ಅವಳಿಗೆ ಗೊತ್ತೇ ಆಗಲ್ಲ ಎಂದರು. ಆಗಲಿ ಎಂದೆ.

ನೀನು ಅಪ್ಪ ಜಾಕೆಟ್ ಹಾಕಿಕೊಂಡ ಫೋಟೋ ಕಳಿಸು ಎಂದು ದಿನಾ ಕೇಳುತ್ತಿದ್ದೆ. ಸ್ಕೂಲು ಯೂನಿಫಾರಂ ಹೊಲಿಯುವ ಗಡಿಬಿಡಿ ನನಗೆ. ಒಂದು ದಿನ ತಾಳಲಾರದೆ, ಕತ್ತರಿಸುವ ಮೇಜಿನ ಕೆಳಗಿದ್ದ ಬಟ್ಟೆ ಚೂರುಗಳನ್ನು ಬಾಚಿ ಜಾಕೆಟ್ಟಿಗೆ ತುಂಬಿದೆ. ಅಂಗಿಯವು, ಪ್ಯಾಂಟಿನವು, ಊರಿನವರೆಲ್ಲರ ಚೂರುಗಳು. ಬಾಯಿಗೆ ಕಚ್ಚಾ ಹೊಲಿಗೆ ಹಾಕಿದೆ. ಕಚ್ಚಾ ಹೊಲಿಗೆ ಯಾವಾಗಲೂ ಹೊಂದದ ಬಣ್ಣದ ದಾರದಲ್ಲಿ, ಬಿಚ್ಚುವಾಗ ಕಣ್ಣಿಗೆ ಕಾಣಬೇಕಲ್ಲ. ಕೈಗೆ ಬಿಳಿ ದಾರ ಸಿಕ್ಕಿತು. ಫೋಟೋ ಆಯಿತು. ನಿನ್ನಪ್ಪ ಯಾಕೋ ಭಾರ ಅಂದರು. ಬಟ್ಟೆ ದಪ್ಪ ಅಲ್ಲವಾ ಎಂದು ಹೇಳಿ ಬಾಯಿ ಮುಚ್ಚಿಸಿದೆ. ಪಕ್ಕಾ ಹೊಲಿಗೆ, ಫೋಮು, ಎಲ್ಲ ಆಮೇಲೆ ಮಾಡೋಣ ಎಂದು ಮೊಳೆಗೆ ನೇತುಹಾಕಿದೆ. ಅವರು ಫೋಮು ತುಂಬಿದೆ ಎಂದುಕೊಂಡೇ ಇದ್ದಾರೆ.

ಫೋಟೋ ನೋಡಿ ನೀನು ಫೋನ್ ಮಾಡಿದ್ದೆ, ನೆನಪಿದೆಯಾ? ಚೆನ್ನಾಗಿದೆ ಅಮ್ಮ ಎಂದೆ. ಆಮೇಲೆ ಸ್ವಲ್ಪ ತಡೆದು, ಹೊಲಿಗೆ ಗಟ್ಟಿ ಇದೆಯಾ ಅಮ್ಮ ಎಂದೆ. ಕಂಪನಿ ಹೊಲಿಗೆ, ಗಟ್ಟಿ ಇರದೆ ಏನಾಗುತ್ತದೆ ಎಂದು ನಾನೇ ಜೋರು ಮಾಡಿದೆ.

ಈಗ ಒಂದು ಹುಚ್ಚು ಕೆಲಸ ಮಾಡಿದೆ. ಅಂಥವೇ ಚೂರುಗಳನ್ನು ದಿಂಬಿನ ಕವರಿಗೆ ತುಂಬಿ, ಬಾಯಿಗೆ ಕಚ್ಚಾ ಹಾಕಿ, ಬಚ್ಚಲಿನ ದೊಡ್ಡ ಬಕೆಟ್ಟಿಗೆ ಬಿಟ್ಟೆ. ತೇಲಿತು. ಎಷ್ಟು ಸಮಾಧಾನವಾಯಿತು ಎಂದರೆ ನೆಲದ ಮೇಲೇ ಕೂತುಬಿಟ್ಟೆ. ಒಂದು ಲೋಟ ಚಹಾ ಮಾಡಿಕೊಂಡೆ. ಕುಡಿದು ಹೋಗಿ ನೋಡಿದರೆ ದಿಂಬಿನ ಒಂದು ಮೂಲೆ ಮಾತ್ರ ಮೇಲಿತ್ತು. ನಾನು ನೋಡುತ್ತಿದ್ದ ಹಾಗೇ ಅದೂ ಕೆಳಗೆ ಹೋಯಿತು. ಸದ್ದಿಲ್ಲ, ಗುಳ್ಳೆಯೂ ಇಲ್ಲ. ಎತ್ತಲು ಹೋದರೆ ಎರಡು ಕೈ ಬೇಕಾಯಿತು ಗುಬ್ಬಿ. ಅಷ್ಟು ಭಾರ.

ಜಾಕೆಟ್ಟಿನೊಳಗೆ ಚೂರುಗಳಿವೆ ಎಂದು ಟೀ ಅಂಗಡಿಯಾಕೆಗೆ ಹೇಳಲಿಲ್ಲ. ಇಂಜಿನ್ ದೋಣಿಯವರನ್ನು ಕಳಿಸಿ, ಹುಡುಕಿ ಬರಲಿ ಎಂದು ಮಾತ್ರ ಕೈಮುಗಿದು ಕೇಳಿದೆ. ಜಾಕೆಟ್ ಇದೆಯಲ್ಲ, ಯಾಕೆ ಇಷ್ಟು ಗಾಬರಿ ಎಂದು ಅವಳು ನನ್ನನ್ನೇ ಸಮಾಧಾನ ಮಾಡಿದಳು. ಆದರೂ ಹೋಗಿ ಹೇಳಿದ್ದಾಳೆ. ಅವರು ಹೊರಟರಂತೆ.

ಫೋಮಿನ ಮೂಟೆ ಎಲ್ಲಿ ಹೋಯಿತು ಎಂದು ನೀನು ಕೇಳುತ್ತೀಯ. ಅದನ್ನೂ ಹೇಳಿಬಿಡುತ್ತೇನೆ. ಬ್ಯಾಂಡಿನವರ ಕೋಟಿಗೆ ಹೆಗಲು ಎತ್ತರಿಸಲು ಪ್ಯಾಡ್ ಬೇಕಿತ್ತು. ಕೊಳ್ಳುವುದು ಯಾಕೆ, ಮನೆಯಲ್ಲೇ ಇದೆಯಲ್ಲ ಎಂದು ಅದನ್ನೇ ಕತ್ತರಿಸಿ ಹಾಕಿದೆ. ನಿನ್ನಪ್ಪನನ್ನು ಜುಗ್ಗ ಎಂದು ಆಡಿಕೊಂಡವಳು ನಾನು! ಮೇಷ್ಟ್ರನ್ನು ತೇಲಿಸಬೇಕಾದದ್ದು ಈಗ ಈ ಮೇಜಿನ ಮೇಲೆ ಡೋಲು ಬಾರಿಸುವವರ ಹೆಗಲಲ್ಲಿ ಇದೆ. ಇನ್ನೂ ತೊಟ್ಟಿಲ್ಲದ ಕೋಟುಗಳು ಸಾಲಾಗಿ ಎದೆಯುಬ್ಬಿಸಿ ನನ್ನನ್ನೇ ನೋಡುತ್ತಿವೆ.

ಬೆಳಕು ಇಳಿಯುತ್ತಿದೆ. ಕಿಟಕಿಯ ಹಲಗೆ ಗಾಳಿಗೆ ಬಡಿದುಕೊಳ್ಳುತ್ತಿದೆ, ಅದಕ್ಕೊಂದು ಚಿಂದಿ ತುರುಕೋಣ ಎಂದು ಎದ್ದವಳು ಚೂರುಗಳ ರಾಶಿ ನೋಡಿ ಮುಟ್ಟದೆ ಬಂದೆ. ಎದುರು ಮನೆಯವರು ಬಂದು ಊಟ ಮಾಡು ಎಂದರು. ಮೇಷ್ಟ್ರ ಹೆಂಡತಿ ಏನು ಮಾಡುತ್ತಿರಬಹುದು? ಅವರು ಹೆದರುತ್ತಲೂ ಇರಲಿಕ್ಕಿಲ್ಲ. ಜಾಕೆಟ್ ಇದೆ ಎಂದು ಅವರಿಗೂ ಯಾರಾದರೂ ಹೇಳಿರುತ್ತಾರೆ. ಅವರ ಮನೆಗೆ ಹೋಗಿ ಕೂರಬೇಕು ಎಂದು ಚಪ್ಪಲಿ ಹಾಕಿಕೊಂಡೆ, ಮತ್ತೆ ಬಿಚ್ಚಿದೆ. ಯಾವ ಮುಖ ಹೊತ್ತು ಹೋಗಲಿ?

ಯಾರೋ ಬೀದಿಯಲ್ಲಿ ಓಡಿ ಬರುತ್ತಿದ್ದಾರೆ. ನಮ್ಮ ಬಾಗಿಲಿಗೇ ಇರಬೇಕು.


ಸೋಮವಾರ, ಬೆಳಿಗ್ಗೆ

ಬಂದರು ಕಣೇ. ಇಬ್ಬರೂ ಬಂದರು, ಜೀವ ಇದೆ. ಇದನ್ನು ಮೊದಲು ಬರೆಯುತ್ತೇನೆ, ಯಾಕೆಂದರೆ ನೀನು ಮೇಲಿನದ್ದನ್ನು ಓದಿ ಉಸಿರು ಬಿಗಿಹಿಡಿದಿರುತ್ತೀಯ.

ನಿನ್ನೆ ನೀನು ಫೋನ್ ಮಾಡಿದಾಗ ಎಲ್ಲ ಚೆನ್ನಾಗಿದ್ದೇವೆ, ಅಪ್ಪನಿಗೆ ಸ್ವಲ್ಪ ನೆಗಡಿ ಎಂದೆನಲ್ಲ, ಅದು ನೆಗಡಿಯಲ್ಲ. ಒಣಮರಗಳಿರುವ ಕಡೆ ಬಲೆ ಬಿಟ್ಟಿದ್ದರಂತೆ. ಬಲೆ ಒಂದು ಮರದ ಬುಡಕ್ಕೆ ಸಿಕ್ಕಿಕೊಂಡಿತು. ಬಿಡಿಸಲು ನಿನ್ನಪ್ಪ ಎದ್ದು ನಿಂತ ಹೊತ್ತಿಗೇ ಗಾಳಿ ಅಡ್ಡ ಬೀಸಿ ದೋಣಿ ಮಗುಚಿತು. ಇಬ್ಬರೂ ದೋಣಿಯ ಅಂಚು ಹಿಡಿದುಕೊಂಡರಂತೆ. ಹಾಗೇ ಹಿಡಿದುಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಮೇಷ್ಟ್ರು ಒಳ್ಳೆಯವರು. ಮಗುಚಿದ ದೋಣಿ ಇಬ್ಬರ ಭಾರ ತಾಳದೆ ಇಳಿಯುತ್ತಿದೆ ಎಂದು ಅವರಿಗೆ ಕಂಡಿತು. ನನಗೆ ಜಾಕೆಟ್ ಇದೆ, ನೀವು ಹಿಡಿದುಕೊಳ್ಳಿ ಎಂದು ಹೇಳಿ ಕೈ ಬಿಟ್ಟರಂತೆ.

ನೀರು ಕಂಡರೆ ಮಾರುದೂರ ನಿಲ್ಲುವವರು, ನನ್ನ ಕಚ್ಚಾ ಹೊಲಿಗೆಯನ್ನು ನಂಬಿ ಕೈ ಬಿಟ್ಟರು ಗುಬ್ಬಿ. ಮೊನ್ನೆಯಿಂದ ಕಣ್ಣು ಮುಚ್ಚಿದರೆ ಇದೇ ಕಾಣುತ್ತದೆ.

ಮೊದಲು ತೇಲಿದರಂತೆ, ನಗುತ್ತಿದ್ದರಂತೆ ಕೂಡ. ಆಮೇಲೆ ಗದ್ದ ನೀರಿಗೆ ತಾಗಿತು, ಆಮೇಲೆ ಬಾಯಿ. ನಿನ್ನಪ್ಪ ಈಜಿ ಹೋಗಿ ಜಾಕೆಟ್ಟಿನ ತೋಳಿನ ಹತ್ತಿರ ಕೈಹಾಕಿ ಜಗ್ಗಿದರು. ಹೊಲಿಗೆ ಪರ್ರನೆ ಬಿಟ್ಟುಕೊಂಡು ಒಳಗಿನ ಚೂರುಗಳೆಲ್ಲ ನೀರಿಗೆ ಸುರಿದವು. ಭಾರ ಹೋದದ್ದಕ್ಕೆ ಮೇಷ್ಟ್ರ ತಲೆ ಮೇಲೆ ಬಂತು. ಅವರನ್ನು ಎಳೆದುಕೊಂಡು ಬಲೆಯವರೆಗೆ ಹೋಗಿ ಇಬ್ಬರೂ ಬೆಂಡಿನ ಹಗ್ಗ ಹಿಡಿದುಕೊಂಡರು. ಮರದ ಬುಡ ಬಲೆಯನ್ನು ಬಿಡಲಿಲ್ಲ, ಬೆಂಡುಗಳು ಅವರನ್ನು ಬಿಡಲಿಲ್ಲ. ಇಂಜಿನ್ ದೋಣಿಯವರು ಬರುವವರೆಗೂ ನೀನು ಕಳಿಸಿದ ಫೋಮೇ ಇಬ್ಬರನ್ನೂ ಹೊತ್ತಿತ್ತು.

ಪಕ್ಕಾ ಹೊಲಿದಿದ್ದರೆ ಬಿಡುತ್ತಲೇ ಇರಲಿಲ್ಲ, ಮೇಷ್ಟ್ರನ್ನು ಕಟ್ಟಿಕೊಂಡೇ ತಳಕ್ಕೆ ಹೋಗುತ್ತಿತ್ತು ಎಂದು ಯಾರಾದರೂ ನನಗೆ ಸಮಾಧಾನ ಹೇಳಬಹುದು. ನನಗೆ ಆ ಸಮಾಧಾನ ಬೇಡ. ನಾನು ಪಕ್ಕಾ ಹೊಲಿಯುವುದಿದ್ದರೆ ಫೋಮು ತುಂಬಿ ಹೊಲಿಯುತ್ತಿದ್ದೆ.

ಇದಿಷ್ಟನ್ನೂ ನಿನ್ನಪ್ಪ ಹೇಳಿದ್ದು ಇಂಜಿನ್ ದೋಣಿಯವರಿಗೆ, ಅವರು ನನಗೆ ಹೇಳಿದರು. ನನ್ನ ಹತ್ತಿರ ಅವರು ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಚೂರು ಸುರಿದದ್ದನ್ನು ಕಣ್ಣಾರೆ ಕಂಡವರು, ಇದೇನು ಎಂದು ಕೇಳಲೂ ಇಲ್ಲ. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ಸುಮ್ಮನಿರುವ ನಿನ್ನಪ್ಪನನ್ನು ನೀನು ಯಾವತ್ತೂ ನೋಡಿಲ್ಲ, ನಾನೂ ನೋಡಿರಲಿಲ್ಲ. ಹೆದರಿಕೆಯಾಗುತ್ತದೆ. ನಿನ್ನೆ ಹಿತ್ತಿಲಲ್ಲಿ ಕೂತು ಬಲೆಯಿಂದ ಬೆಂಡುಗಳನ್ನು ಒಂದೊಂದಾಗಿ ಬಿಚ್ಚಿದರು. ಎಲ್ಲವನ್ನೂ ಬುಟ್ಟಿಯಲ್ಲಿ ತಂದು ನನ್ನ ಕತ್ತರಿಸುವ ಮೇಜಿನ ಮೇಲೆ ಸುರಿದರು. ಪಕ್ಕದಲ್ಲಿ ಜಾಕೆಟ್ಟಿನ ಖಾಲಿ ಚೀಲ ಇಟ್ಟರು. ನನ್ನ ಮುಖ ನೋಡದೆ ಹೇಳಿದರು: "ಇವನ್ನ ಮತ್ತೆ ಒಳಗೆ ಸೇರಿಸಿ ಹೊಲಿಯೋಕಾಗತ್ತಾ ನೋಡು."

ದುಂಡಗೆ ಕತ್ತರಿಸಿ ತೂತು ಕೊರೆದದ್ದನ್ನು ಹೇಗೆ ಸೇರಿಸಲಿ ಹೇಳು. ರಾಶಿ ಅಲ್ಲೇ ಇದೆ.

ಮೇಷ್ಟ್ರು ಆಸ್ಪತ್ರೆಯಲ್ಲಿ ಒಂದು ದಿನ ಇದ್ದು ಮನೆಗೆ ಬಂದಿದ್ದಾರೆ. ಎದೆಯಲ್ಲಿ ನೀರು ಸೇರಿದೆ, ಕೆಮ್ಮು ನಿಂತಿಲ್ಲ, ಮಾತು ಕಡಿಮೆ. ಇವತ್ತು ನಾನು ಅಂಗಡಿ ಬಾಗಿಲು ತೆಗೆಯುತ್ತಿದ್ದಂತೆ ಅವರ ಹೆಂಡತಿ ಬಂದರು. ಗೊತ್ತಾಗಿ ಜಗಳಕ್ಕೆ ಬಂದಿದ್ದಾರೆ ಎಂದುಕೊಂಡೆ. ಆಸ್ಪತ್ರೆಯಲ್ಲೇ ಇದ್ದವರ ಕಿವಿಗೆ ಇನ್ನೂ ಏನೂ ಬಿದ್ದಿರಲಿಲ್ಲ. ಆಕೆ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. "ನಿಮ್ ಮಗಳ ಜಾಕೆಟ್ ಇಲ್ದಿದ್ರೆ ನಮ್ಮನೆಯವರು ಇವತ್ತು ಇರ್ತಿರ್ಲಿಲ್ಲ ಅಕ್ಕ. ಅವಳಿಗೆ ನಾನೇ ಒಂದ್ ಸಲ ಫೋನ್ ಮಾಡಿ ಹೇಳ್ಬೇಕು."

ನಾನು ಏನು ಹೇಳಿದೆ ಎಂದುಕೊಂಡೆ ನೀನು? ಅಯ್ಯೋ ಅದರಲ್ಲೇನಿದೆ ಅಂದೆ. ಅದೇ ಅಂದೆ ಗುಬ್ಬಿ, ಅಷ್ಟೇ.

ಹೊರಡುವಾಗ ಆಕೆ ಸೊಂಟದಿಂದ ಒಂದು ಬಟ್ಟೆ ಚೂರು ತೆಗೆದು ಮೇಜಿನ ಮೇಲಿಟ್ಟರು. ನೀರಿನಿಂದ ಎತ್ತಿದಾಗಿನಿಂದ ಮೇಷ್ಟ್ರು ಇದನ್ನು ಮುಷ್ಟಿಯಲ್ಲಿ ಹಿಡಿದಿದ್ದರಂತೆ, ಬಿಡಿಸಲು ನರ್ಸಿಗೆ ಸಾಕುಬೇಕಾಯಿತಂತೆ. ನೀರಲ್ಲಿ ಎಲ್ಲಿಂದ ಬಂತೋ, ಬಟ್ಟೆ ವಿಷಯ ನಿಮಗೆ ಗೊತ್ತಿರುತ್ತದೆ ಎಂದು ತಂದೆ ಎಂದರು. ನೀಲಿ ಚೌಕಳಿಯ ಚೂರು. ಮೇಷ್ಟ್ರ ಅಂಗಿ ಹೊಲಿದಾಗ ಉಳಿದದ್ದು, ಕತ್ತರಿಸಿದವಳು ನಾನೇ. ಅವರ ಹೆಂಡತಿಗೆ ಗುರುತು ಸಿಕ್ಕಲಿಲ್ಲ. ಮೇಷ್ಟ್ರಿಗೆ ಸಿಕ್ಕಿದೆಯೋ ಇಲ್ಲವೋ ಗೊತ್ತಿಲ್ಲ. ಬಣ್ಣದ ಕಣ್ಣು ಅವರದು. ಸಿಕ್ಕಿರುತ್ತದೆ.

ಆಕೆ ನಿನಗೆ ಫೋನ್ ಮಾಡುವ ಮೊದಲು ಈ ಕಾಗದ ನಿನ್ನ ಕೈಸೇರಬೇಕು. ಸೇರದೆ ಇದ್ದರೂ ಆಕೆಯ ಬಾಯಿಂದ ನಿನಗೆ ಸುಳ್ಳು ಥ್ಯಾಂಕ್ಸ್ ಬರಬಾರದು. ಅದಕ್ಕೇ ಇದನ್ನು ಅಂಚೆ ಡಬ್ಬಿಗೆ ಹಾಕಿ, ಅಲ್ಲಿಂದ ಹಾಗೇ ಆ ಚೂರು ಹಿಡಿದುಕೊಂಡು ಮೇಷ್ಟ್ರ ಮನೆಗೆ ಹೋಗುತ್ತೇನೆ. ಹೋಗಿ ಎಲ್ಲ ಹೇಳುತ್ತೇನೆ. ಹೋಗುತ್ತೇನೆ ಎಂದು ನಿನಗೆ ಬರೆದುಬಿಟ್ಟರೆ ಆಮೇಲೆ ಹೋಗದೆ ಇರಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನ ಮೇಲೆ ಸಿಟ್ಟಾಗಬೇಡ. ಅವರು ಕತ್ತರಿಸಿದ್ದನ್ನು ಮುಚ್ಚಿಡಲಿಲ್ಲ, ನಾನು ಹೊಲಿದು ಮುಚ್ಚಿದೆ. ಊಟ ಸರಿಯಾಗಿ ಮಾಡು, ಡ್ಯೂಟಿ ಮುಗಿಸಿ ಬಂದು ಬರೀ ಬಿಸ್ಕತ್ತು ತಿಂದು ಮಲಗಬೇಡ.

ಹೆದರಿಕೊಂಡೇ ಇರುವ
ನಿನ್ನ ಅಮ್ಮ

ಮಡಿಸುವ ಮುಂಚೆ: ನಿನಗೆ ಕಳಿಸಿದ ಆ ಫೋಟೋವನ್ನು ಈಗ ದೊಡ್ಡದು ಮಾಡಿ ನೋಡಿದೆ. ಅಪ್ಪನ ತೋಳಿನ ಕೆಳಗೆ, ಕಿತ್ತಳೆ ಬಟ್ಟೆಯ ಮೇಲೆ, ಬಿಳಿ ದಾರ ಎದ್ದು ಕಾಣುತ್ತದೆ. ಚಿಕ್ಕವಳಿದ್ದಾಗ ನನ್ನ ಮೆಷಿನ್ ಪಕ್ಕ ಕೂತು ಪಿನ್ನು ಹಿಡಿದು ಕಚ್ಚಾ ದಾರ ಬಿಚ್ಚುತ್ತಿದ್ದವಳು ನೀನು, ಈ ಊರಿನಲ್ಲಿ ಅದನ್ನು ನೋಡಿದೊಡನೆ ಗುರುತಿಸುವ ಇನ್ನೊಂದು ಕಣ್ಣಿಲ್ಲ. ಹೊಲಿಗೆ ಗಟ್ಟಿ ಇದೆಯಾ ಅಮ್ಮ ಎಂದು ಅವತ್ತು ನೀನು ಕೇಳಿದ್ದು ಸುಮ್ಮನೆಯಾ, ಅಥವಾ ನಿನಗೆ ಕಂಡಿತ್ತಾ? ಕಂಡಿದ್ದೂ ಅಮ್ಮನಿಗೆ ನಾಚಿಕೆಯಾಗಬಾರದು ಎಂದು ಬಾಯಿ ಮುಚ್ಚಿಕೊಂಡಿದ್ದರೆ ನನಗೆ ಬರೆದು ತಿಳಿಸು. ಹಾಗಿದ್ದರೂ ಮೇಷ್ಟ್ರ ಮನೆಯಲ್ಲಿ ನಿನ್ನ ಹೆಸರು ನಾನು ಹೇಳುವುದಿಲ್ಲ.